ಅಕ್ಕನ ದನಿಗೊಂದು ಅಗ್ಗದ ಕ್ಯಾಮೆರಾ

ನನ್ನ ಮದುವೆಯ ಒಂದೇ ಒಂದು ಫೋಟೋ ಇಲ್ಲ. ತೆಗೆಸಲಿಲ್ಲವೆಂದಲ್ಲ. ಬೆಂಗಳೂರಿನಿಂದ ಬಂದಿದ್ದ ಫೋಟೋಗ್ರಾಫರ್ ಎರಡು ದಿನ ನಮ್ಮನ್ನು ಕೂರಿಸಿ, ನಿಲ್ಲಿಸಿ, ಗಲ್ಲ ಎತ್ತಿಸಿ, ಇಳಿಸಿ ಜೀವ ಹಿಂಡಿದ್ದರು. ಹದಿನೈದು ದಿನ ಬಿಟ್ಟು ಬಂದು, ರೋಲಿಗೆ ಬೆಳಕು ಬಿದ್ದು ಎಲ್ಲ ಹಾಳಾಯಿತೆಂದು ನಮ್ಮ ಮಾವನವರ ಮುಂದೆ ಕೈಮುಗಿದು ನಿಂತರು. ನಾನು ಒಳಕೋಣೆಯಲ್ಲಿ ಕುಳಿತು ಮೂಗು ಕೆಂಪಾಗುವಷ್ಟು ಅತ್ತೆ. ಆಗ ನನ್ನ ದೊಡ್ಡ ನಾದಿನಿ ಬಂದು ಪಕ್ಕದಲ್ಲಿ ಕುಳಿತರು.

"ಫೋಟೋ ಇಲ್ದಿದ್ರೆ ಏನೀಗ? ನಾನು ನೋಡಿಲ್ವಾ ಎಲ್ಲಾನೂ? ಯಾವಾಗ ಬೇಕಾದ್ರೂ ಕೇಳು, ಹೇಳ್ತೀನಿ" ಎಂದರು.

ಆ ಮಾತನ್ನು ಅವರು ಐವತ್ತು ವರ್ಷಕ್ಕೂ ಮೇಲೆ ಉಳಿಸಿಕೊಂಡು ಬಂದಿದ್ದಾರೆ. ನನ್ನ ಗಂಡನ ಅಕ್ಕ ಅವರು, ನಾನೂ ಅಕ್ಕ ಎಂದೇ ಕರೆಯುವುದು. ಅವರಿಗೆ ಮಾತ್ರ ನಾನು ಇವತ್ತಿಗೂ "ಹುಡುಗಿ". ಈ ಹುಡುಗಿಗೆ ಎಪ್ಪತ್ತು ದಾಟಿದೆ, ಮಂಡಿ ಎರಡೂ ಕಿರುಗುಟ್ಟುತ್ತವೆ. ಅದೆಲ್ಲ ಅವರ ಲೆಕ್ಕಕ್ಕೆ ಬರುವುದಿಲ್ಲ.

ನಾವು ದೇವನಹಳ್ಳಿಯಲ್ಲಿದ್ದೇವೆ. ಅಕ್ಕ ಕುಂದಾಣದ ಕಡೆಯ ಹಳ್ಳಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಹಸು, ಕೋಳಿ ಎಲ್ಲದರ ನಡುವೆ ಇದ್ದಾರೆ. ಸಂಕ್ರಾಂತಿ ಹತ್ತಿರ ಬಂದು ಅವರೆಕಾಯಿ ಸೊಗಡು ಬಿಡಲು ಶುರುವಾದರೆ ನಮಗೆ ಅಲ್ಲಿಂದ ಬುಲಾವು. ಬಿಡಿಸಿದ ಕಾಳನ್ನು ನೀರಲ್ಲಿ ನೆನೆಹಾಕಿ, ಒಂದೊಂದನ್ನೇ ಬೆರಳ ತುದಿಯಲ್ಲಿ ಹಿದುಕಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಆಗ ಅಕ್ಕ ನನ್ನ ಮದುವೆಯ ಕಥೆ ಹೇಳುತ್ತಾರೆ. ನಮ್ಮ ಮನೆಯ ವೆಡ್ಡಿಂಗ್ ಆಲ್ಬಮ್ ಅದು.

ಕಥೆ ಇಷ್ಟೇ. ಮದುವೆ ಮುಗಿಸಿ ಗಂಡನ ಊರಿಗೆ ಬರುವಾಗ ಬಸ್ಸಿನಲ್ಲಿ ನನ್ನ ಹೊಸ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಟ್ರಂಕಿನಲ್ಲಿ ಇದ್ದದ್ದು ಕಾನ್ವೆಂಟಿನ ಕಪ್ಪು ಬಕಲ್ ಶೂ. ರೇಷ್ಮೆ ಸೀರೆಯ ಕೆಳಗೆ ಅದನ್ನೇ ಹಾಕಿಕೊಂಡು ಇಳಿದೆ. ಬಾಗಿಲಲ್ಲಿ ಅಕ್ಕ ಎರಡೂ ಕೈಗಳನ್ನು ಬಾಗಿಲವಾಡಕ್ಕೆ ಆನಿಸಿ ಅಡ್ಡ ನಿಂತಿದ್ದರು. ನಾದಿನಿ ಬಾಗಿಲು ತಡೆಯುವುದು ಶಾಸ್ತ್ರ. ಮದುಮಗಳು ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಪ್ರವೇಶ. ಬೇರೆ ಹೆಣ್ಣುಮಕ್ಕಳು ತಲೆ ಬಗ್ಗಿಸಿ, ನಾಚಿ, ಹತ್ತು ಸಲ ಕೇಳಿಸಿಕೊಂಡು ಪಿಸುಗುಟ್ಟುತ್ತಿದ್ದರಂತೆ. ನನಗೆ ಎಲೊಕ್ಯೂಷನ್ ಕಲಿಸಿದ್ದ ಸಿಸ್ಟರ್ ಹೇಳಿಕೊಟ್ಟಿದ್ದೇ ಬೇರೆ: ಬ್ಯಾಕ್ ಸ್ಟ್ರೇಟ್, ಚಿನ್ ಅಪ್, ಕೊನೆಯ ಬೆಂಚಿಗೂ ಕೇಳಿಸಬೇಕು. ಹಿರಿಯ ಗಂಡಸರನ್ನು ಬರೀ ಹೆಸರಿನಿಂದ ಕರೆಯುವುದು ರೂಡ್ ಎಂದೂ ಅವರೇ ಕಲಿಸಿದ್ದು. ನಾನು ಬೆನ್ನು ನೆಟ್ಟಗೆ ಮಾಡಿ, ತಲೆಯೆತ್ತಿ, "ಮಿಸ್ಟರ್" ಎಂದು ಶುರುಮಾಡಿ, ಎರಡು ಇನಿಷಿಯಲ್ ಸಮೇತ ಇವರ ಪೂರ್ತಿ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.

ಆಮೇಲೆ ಅಕ್ಕ ನಕ್ಕ ನಗುವಿಗೆ ಬಾಗಿಲವಾಡ ಹಿಡಿದ ಕೈ ಜಾರಿ, ನಾನು ಶೂ ಸಮೇತ ಒಳಗೆ ನಡೆದುಬಿಟ್ಟೆ. ಅವತ್ತಿನಿಂದ ಆ ಮನೆಯಲ್ಲಿ ಇವರ ಹೆಸರು "ಮಿಸ್ಟ್ರು" ಆಯಿತು. ಮಿಸ್ಟ್ರು ಊಟ ಮಾಡಿದ್ರಾ, ಮಿಸ್ಟ್ರಿಗೆ ಕಾಫಿ ಕೊಡು, ಎಲ್ಲವೂ ಹಾಗೇ. ಆ ದಿನದ ಬಗ್ಗೆ ಇವರನ್ನೇ ಕೇಳಿದರೆ, "ನಂಗೇನು ನೆನಪಿಲ್ಲ ಕಣೇ, ಹೊಟ್ಟೆ ಹಸಿದಿತ್ತು" ಎನ್ನುತ್ತಾರೆ. ಹತ್ತೊಂಬತ್ತರ ನನ್ನನ್ನು ನೆನಪಿಟ್ಟುಕೊಂಡಿರುವವರು ಈ ಭೂಮಿಯ ಮೇಲೆ ಅಕ್ಕ ಒಬ್ಬರೇ.

ಹೋದ ವರ್ಷದ ಅವರೆಕಾಯಿಗೆ ಹೋಗಿದ್ದೆವು. ಅಕ್ಕ ಕಥೆ ಶುರುಮಾಡಿದರು. ಚಪ್ಪಲಿ ಕಿತ್ತಿತು, ಶೂ ಬಂತು, ಬಾಗಿಲು ತಡೆದಾಯಿತು. ನಡುವೆ ಒಂದು ವಿಮಾನ ಹೋಯಿತು. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಎಲ್ಲರಿಗೂ ಒಂದು ಅಭ್ಯಾಸ ಆಗಿಬಿಟ್ಟಿದೆ: ತಲೆಯ ಮೇಲೆ ವಿಮಾನ ಬಂದರೆ ಮಾತನ್ನು ಅರ್ಧಕ್ಕೆ ನಿಲ್ಲಿಸುವುದು, ಅದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುವುದು. ಅಕ್ಕನೂ ನಿಲ್ಲಿಸಿದರು, ಮುಂದುವರಿಸಿದರು.

"ಬೆನ್ನು ನೆಟ್ಟಗೆ ಮಾಡ್ಕೊಂಡು, ತಲೆ ಹಿಂಗೆ ಎತ್ಕೊಂಡು, ಏನಂದ್ಲು ಗೊತ್ತಾ..."

ಅಷ್ಟಕ್ಕೇ ನಿಂತುಹೋದರು. ಈಗ ಯಾವ ವಿಮಾನವೂ ಇರಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು.

"ಏನಂದ್ಯೇ ನೀನು?"

ಸುತ್ತ ಕುಳಿತವರೆಲ್ಲ ಇದೂ ಒಂದು ನಾಟಕವೆಂದು ನಕ್ಕರು. ನಾನು ಅವರ ಕಣ್ಣು ನೋಡಿದೆ. ಅದು ನಾಟಕವಾಗಿರಲಿಲ್ಲ. ನಾನೇ ಆ ಮಾತು ಹೇಳಿಕೊಟ್ಟೆ, ಕಥೆ ಮುಂದೆ ಹೋಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಇವರಿಗೆ ಹೇಳಿದೆ.

"ರೀ, ಅಕ್ಕನ ಬಾಯಲ್ಲಿ ಆ ಕಥೆ ರೆಕಾರ್ಡ್ ಮಾಡಿಟ್ಕೋಬೇಕು. ಪೂರ್ತಿ ಮರೆತುಹೋಗೋ ಮುಂಚೆ."

"ಫೋನಿದೆಯಲ್ಲ."

"ಫೋನ್ ಎತ್ತಿದ್ರೆ ಅಕ್ಕ ಏನ್ಮಾಡ್ತಾರೆ, ಮರೆತ್ರಾ?"

ಇವರು ಫೋನನ್ನು ಜೇಬಿಗಿಳಿಸಿದರು. ಹಿಂದೊಮ್ಮೆ ಅಂಗಳದಲ್ಲಿ ಒಣಹಾಕಿದ್ದ ರಾಗಿಗೆ ಕೋಳಿಯೊಂದು ನುಗ್ಗಿತ್ತು. ಅಕ್ಕ ಆ ಕೋಳಿಯನ್ನು, ಅದರ ತಾಯಿಯನ್ನು, ಅದು ಒಡೆದು ಬಂದ ಮೊಟ್ಟೆಯನ್ನು ಬಿಡದೆ ಬೈದರು. ಮೊಮ್ಮಗಳು ಅದನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ ಹಾಕಿದಳು. ಸಂಜೆಯೊಳಗೆ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿರುವ ನೆಂಟರ ಹುಡುಗನ ಶಿಫ್ಟಿಗೆಲ್ಲ ಅದು ತಲುಪಿತ್ತು. ಮಾರನೆಯ ದಿನ ಡೈರಿಗೆ ಹಾಲು ಹಾಕಲು ಹೋದರೆ ಅಲ್ಲೂ "ಏನಜ್ಜಿ, ಕೋಳಿ ಚೆನ್ನಾಗೈತಾ?" ಅವತ್ತಿನಿಂದ ಯಾರಾದರೂ ಫೋನ್ ಎತ್ತಿದರೆ ಸಾಕು, ಅಕ್ಕ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕುಳಿತುಬಿಡುತ್ತಾರೆ.

"ನಮ್ಮನೇಲಿ ನಾನು ಬೈದಿದ್ದು ದಾಬಸ್‌ಪೇಟೆಗ್ಯಾಕೆ ಹೋಗ್ಬೇಕು?" ಎಂದು ಕೇಳುತ್ತಾರೆ. ಪ್ರೈವೆಸಿ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

ಮುಂದಿನ ಸಲ ಮಾತಾಡುವಾಗ ಅವರನ್ನೇ ಕೇಳಿದೆ.

"ಅಕ್ಕ, ಫೋನ್ ಅಲ್ಲದೆ ಬೇರೆ ಕ್ಯಾಮೆರಾ ತಂದ್ರೆ?"

"ಅದ್ರಿಂದ ಯಾರಿಗೂ ಹೋಗಲ್ವಾ?"

"ಹೋಗಲ್ಲ. ಅದರಲ್ಲಿ ಸಿಮ್ಮಿಲ್ಲ, ಏನಿಲ್ಲ. ಹಿಡಿದಿದ್ದು ಮನೆಯೊಳಗೇ ಇರುತ್ತೆ. ನಿಮ್ಮನ್ನ ಕೇಳದೆ ಹಿಡಿಯೋದೂ ಇಲ್ಲ."

"ಹಂಗಾದ್ರೆ ತಗೊಂಡ್ ಬಾ, ನೋಡಾಣ."

ಹೀಗೆ, ಪ್ರಪಂಚದವರೆಲ್ಲ ವಿಡಿಯೋ ಕ್ಯಾಮೆರಾವನ್ನು ಅಟ್ಟಕ್ಕೆ ಹಾಕಿದ ಮೇಲೆ ನಾನು ಅದನ್ನು ಕೊಳ್ಳಲು ಹೊರಟೆ.

ಮೊದಲು ದೇವನಹಳ್ಳಿಯಲ್ಲೇ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದ ಹುಡುಗಿ ತುಂಬ ಪೊಲೈಟ್. "ಆಂಟಿ, ಅದೆಲ್ಲ ಈಗ ಯಾರೂ ತಗೊಳಲ್ಲ. ಆರ್ಡರ್ ಹಾಕಿದ್ರೆ ತರಿಸ್ಕೊಡ್ತೀವಿ" ಎಂದು ಒಳ್ಳೆಯ ಕಂಪನಿಯ ಹೊಸ ಮಾಡೆಲಿನ ಬೆಲೆ ಹೇಳಿದಳು. ಮಿಸ್ಟ್ರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು. ನನ್ನ ಉಳಿತಾಯದ ಗಂಟು ಎಂದರೆ ಪಕ್ಕದ ಬೀದಿಯ ಹೆಣ್ಣುಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಟ್ಟು ಕೂಡಿಟ್ಟದ್ದು. ಆ ಬೆಲೆಗೆ ಇಡೀ ತಾಲ್ಲೂಕಿಗೆ ಗ್ರಾಮರ್ ಕಲಿಸಬೇಕಾಗಿತ್ತು.

"ಅಫೋರ್ಡಬಲ್ ಆಗಿ ಏನಾದ್ರೂ ಇದೆಯಾಮ್ಮಾ?" ಎಂದೆ.

ಇತ್ತು. ಡಬ್ಬದ ಮೇಲೆ ಚಿನ್ನದ ಬಣ್ಣದಲ್ಲಿ ಏನೇನೋ ದೊಡ್ಡ ಅಂಕಿಗಳು. ಕೈಗೆತ್ತಿಕೊಂಡರೆ ಸೋಪಿನ ಡಬ್ಬಿಯಷ್ಟೂ ತೂಕವಿಲ್ಲ. ಅಂಗಡಿಯೊಳಗೇ ಇವರ ಎರಡು ಮಾತು ಹಿಡಿದು ಕೇಳಿದೆವು. ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗಿತ್ತು. ಚಿತ್ರ ಹೇಗಾದರೂ ಇರಲಿ, ನನಗೆ ಬೇಕಾದದ್ದು ದನಿ. ಥ್ಯಾಂಕ್ಯೂ ಹೇಳಿ ಇಳಿದೆವು.

"ಅಗ್ಗದ ಹೊಸದಕ್ಕಿಂತ ಒಳ್ಳೆ ಕಂಪನಿಯ ಹಳೆಯದು ವಾಸಿ ಕಣೇ. ದೊಡ್ಡಬಳ್ಳಾಪುರದಲ್ಲಿ ಒಂದು ಸ್ಟುಡಿಯೋ ಇದೆ. ಅಕ್ಕನ ಮೊಮ್ಮಗನ ನಾಮಕರಣಕ್ಕೆ ಬಂದಿದ್ರಲ್ಲ, ಅವರು" ಎಂದರು ಮಿಸ್ಟ್ರು. ಐವತ್ತು ವರ್ಷದಲ್ಲಿ ಒಂದೆರಡು ಸಲ ಇವರು ಸರಿಯಾದ ಮಾತು ಹೇಳಿದ್ದುಂಟು.

ಮಾರನೆಯ ದಿನ ದೊಡ್ಡಬಳ್ಳಾಪುರದ ಬಸ್ಸು ಹಿಡಿದೆವು. ಸ್ಟುಡಿಯೋ ಮಗ್ಗದವರ ಬೀದಿಯಲ್ಲಿ. ಗೋಡೆಯ ಆಚೆ ಪವರ್‌ಲೂಮುಗಳು ಲಟಪಟ ಲಟಪಟ ಎಂದು ಒಂದೇ ಸಮ ಬಡಿಯುತ್ತಿದ್ದವು. ಸ್ಟುಡಿಯೋ ಮಾಲೀಕರಿಗೆ ಐವತ್ತರ ಆಸುಪಾಸು, ಆ ಸದ್ದಿಗೆ ಒಗ್ಗಿ ಎಲ್ಲರೊಂದಿಗೂ ಕೂಗಿಯೇ ಮಾತಾಡುವವರು. ಈಗ ಮದುವೆಗಳಿಗೆ ಡ್ರೋನ್ ಹಾರಿಸುತ್ತಾರಂತೆ. ಹಳೆಯವೆಲ್ಲ ಬೀರುವಿನಲ್ಲಿ ಮಲಗಿದ್ದವು. ಮೂರನ್ನು ತೆಗೆದು ಮೇಜಿನ ಮೇಲಿಟ್ಟರು.

ಮೊದಲನೆಯದು ಹೆಗಲ ಮೇಲೆ ಹೊರುವಂಥದು. ಮಿಸ್ಟ್ರು ಅದರ ಮೇಲೆ ಕೈಯಾಡಿಸಿದರು.

"ಇದೇ ಇರ್ಲಿ ಕಣೇ. ನೋಡಿದ್ರೆ ಕ್ಯಾಮೆರಾ ಅನ್ನಿಸ್ಬೇಕು."

"ಹೊರೋರು ಯಾರು?"

"ನಾನು ಹೊರ್ತೀನಿ."

"ನೀವು ಹಾಲಿನ ಪ್ಯಾಕೆಟ್ ತರೋಕೇ ಆಟೋ ಹುಡುಕ್ತೀರಿ."

ಸ್ಟುಡಿಯೋದವರು ನಗು ತಡೆದುಕೊಂಡು ಎರಡನೆಯದನ್ನು ಮುಂದೆ ತಳ್ಳಿದರು. ಟೇಪಿನದು, ಮೂರರಲ್ಲಿ ಬೆಲೆ ತೀರಾ ಕಮ್ಮಿ. ಆದರೆ ಟೇಪು ಈಗ ಎಲ್ಲಿ ಸಿಗುತ್ತದೆಂದು ಕೇಳಿದರೆ, "ಅದೇ ಮೇಡಂ ಪ್ರಾಬ್ಲಮ್ಮು. ದೇವ್ರೇ ಕೊಡ್ಬೇಕು" ಎಂದರು. ಸುಳ್ಳು ಹೇಳದ ವ್ಯಾಪಾರಿ ಎಂದು ನನಗೆ ಆಗಲೇ ನಂಬಿಕೆ ಬಂತು.

ಮೂರನೆಯದು ಬೂದು ಬಣ್ಣದ್ದು, ಸಣ್ಣದು, ಮೆಮೊರಿ ಕಾರ್ಡಿನದು. ಅಂಗೈಗೆ ಹಾಕಿಕೊಳ್ಳುವ ಪಟ್ಟಿ ಸವೆದು ಮೆತ್ತಗಾಗಿತ್ತು. ಪಕ್ಕದಲ್ಲಿ ಕಿಟಕಿಯ ಬಾಗಿಲಿನಂತೆ ತೆರೆದುಕೊಳ್ಳುವ ಪುಟ್ಟ ಪರದೆ. ನನ್ನ ಆರ್ಥ್ರೈಟಿಸ್ ಕೈಗೂ ಭಾರವೆನ್ನಿಸಲಿಲ್ಲ. ಟಿವಿಗೆ ಸಿಕ್ಕಿಸುವ ವೈರೂ ಜೊತೆಗಿತ್ತು. ಸರಿ, ದನಿ ನೋಡೋಣವೆಂದು ಅಲ್ಲೇ ಹಿಡಿದು ಕೇಳಿದೆವು. ಲಟಪಟ ಲಟಪಟ. ಮನುಷ್ಯರ ದನಿಯೇ ಇಲ್ಲ.

"ಮಗ್ಗದ ಸದ್ದೇ ಇಷ್ಟ್ ಕ್ಲಿಯರಾಗಿ ಬಂದೈತೆ ಅಂದ್ರೆ ಮೈಕ್ ಸೂಪರ್ ಅಂತ ತಾನೇ ಮೇಡಂ ಅರ್ಥ?"

"ನಮ್ಮ ನಾದಿನಿ ಮಗ್ಗ ಅಲ್ಲಪ್ಪ. ಡೆಮೊ ಸರಿಯಾಗಿ ಆಗ್ಬೇಕು" ಎಂದೆ.

ಮೂವರೂ ಕ್ಯಾಮೆರಾ ಹಿಡಿದು ಬೀದಿ ದಾಟಿ, ಸದ್ದು ಕಮ್ಮಿಯಾಗುವ ತನಕ ನಡೆದು, ಒಂದು ಅರಳಿಕಟ್ಟೆಯ ಹತ್ತಿರ ನಿಂತೆವು. ಇವರನ್ನು ಎದುರಿಗೆ ನಿಲ್ಲಿಸಿ ಗುಂಡಿ ಒತ್ತಿದೆ. ಮಿಸ್ಟ್ರು ತಕ್ಷಣ ಎರಡೂ ಕೈ ತೊಡೆಗೆ ಅಂಟಿಸಿ, ಎದೆ ಉಬ್ಬಿಸಿ, ರೆಪ್ಪೆ ಬಡಿಯದೆ ನಿಂತುಬಿಟ್ಟರು.

"ಮಾತಾಡಿ ರೀ."

"ಏನ್ ಮಾತಾಡೋದು?"

"ಏನಾದ್ರೂ!"

"ಒಂದು. ಎರಡು. ಮೂರು. ನಾಲ್ಕು..." ಇಪ್ಪತ್ತರ ತನಕ ಎಣಿಸಿದರು. ತುಟಿ ಬಿಟ್ಟು ಬೇರೇನೂ ಅಲುಗಲಿಲ್ಲ.

ಸ್ಟುಡಿಯೋದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ ಕಡೆ ಜನ ವಿಡಿಯೋಗೂ ಫೋಟೋ ಥರಾನೇ ನಿಂತ್ಕೊತಾರೆ ಮೇಡಂ. ಸ್ಟೇಜ್ ಮೇಲೆ ಅಲ್ಲಾಡ್ರಪ್ಪಾ, ನಗ್ರಪ್ಪಾ ಅಂತ ಕೂಗಿ ಕೂಗಿ ನನ್ ಗಂಟ್ಲೇ ಹೋಗೈತೆ. ನಾನು ಲೈಟ್ ಆರಿಸೋ ತನ್ಕ ಯಾರೂ ಉಸ್ರು ಬಿಡಲ್ಲ."

ಆದರೆ ಆ ಇಪ್ಪತ್ತು ಅಂಕಿಗಳು ಎಷ್ಟು ಸ್ಪಷ್ಟವಾಗಿ ಬಂದಿದ್ದವೆಂದರೆ, ಹದಿನಾಲ್ಕರ ಹತ್ತಿರ ಇವರು ಎಂಜಲು ನುಂಗಿದ್ದೂ ಕೇಳಿಸಿತು. ಇದೇ ನನ್ನ ಕ್ಯಾಮೆರಾ ಎಂದುಕೊಂಡೆ. ಬ್ಯಾಟರಿ ಹಳೆಯದು, ಅರ್ಧ ಗಂಟೆಗೆ ಸುಸ್ತಾಗುತ್ತದೆ ಎಂದು ಅವರೇ ಹೇಳಿ ಇನ್ನೊಂದನ್ನು ಸೇರಿಸಿ ಕೊಟ್ಟರು. ಸ್ಟುಡಿಯೋಗೆ ವಾಪಸ್ ಬಂದು, ಅವರ ಹೊಸ ಪ್ಯಾಂಫ್ಲೆಟ್ಟಿನ ಇಂಗ್ಲಿಷನ್ನು ನಾನು ಅಲ್ಲೇ ಕುಳಿತು ತಿದ್ದಿಕೊಟ್ಟದ್ದಕ್ಕೆ ಬ್ಯಾಗು ಫ್ರೀ ಬಂತು. ವಾಪಸ್ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಸ್ಕೂಲಿನಲ್ಲಿ ಪ್ರೈಜ್ ಗೆದ್ದ ದಿನದಂತೆ ಕಿಟಕಿಯಾಚೆ ನೋಡುತ್ತ ಬಂದೆ.

ಈ ಜನವರಿಯಲ್ಲಿ ಬುಲಾವು ಬಂದಾಗ ಎರಡೂ ಬ್ಯಾಟರಿ ಚಾರ್ಜ್ ಮಾಡಿಕೊಂಡು ಹೋದೆವು. ಅಕ್ಕನಿಗೆ ಕ್ಯಾಮೆರಾ ತೋರಿಸಿದೆ. ತಿರುಗಿಸಿ, ಮುರುಗಿಸಿ ನೋಡಿ, ಒಳಗೆ ಸಿಮ್ಮಿಲ್ಲವೆಂದು ಮೊಮ್ಮಗಳಿಂದಲೂ ಖಾತ್ರಿ ಮಾಡಿಸಿಕೊಂಡರು.

"ಇರು, ಬಂದೆ" ಎಂದು ಒಳಗೆ ಹೋದರು.

ಬಂದದ್ದು ಒಂದು ಗಂಟೆಯ ಮೇಲೆ. ಸ್ನಾನವಾಗಿತ್ತು, ರೇಷ್ಮೆ ಸೀರೆ ಉಟ್ಟಿದ್ದರು, ಓಲೆ ಬದಲಾಗಿತ್ತು. ಅಂಗಳಕ್ಕೆ ಕುರ್ಚಿ ತರಿಸಿ, ಎರಡು ಕೈಗಳನ್ನೂ ಎರಡು ಮಂಡಿಯ ಮೇಲಿಟ್ಟು, ನೇರ ಕ್ಯಾಮೆರಾ ನೋಡಿದರು. ನಾನು ಗುಂಡಿ ಒತ್ತಿದೆ. ನಾಲ್ಕು ನಿಮಿಷ ಅಕ್ಕ ಕಲ್ಲಿನಂತೆ ಕುಳಿತರು. ನಾಲ್ಕು ನಿಮಿಷದಲ್ಲಿ ಅಲ್ಲಿ ಅಲುಗಿದ್ದು ಹಿಂದೆ ಹಾದುಹೋದ ಒಂದು ಕೋಳಿ ಮಾತ್ರ.

"ಹೊಡ್ದಾಯ್ತಾ?" ಎಂದರು ತುಟಿ ಅಲ್ಲಾಡಿಸದೆ.

"ಅಕ್ಕ, ಇದು ಫೋಟೋ ಅಲ್ಲ. ಮಾತಾಡ್ಬೇಕು."

"ಮಾತಾಡಿದ್ರೆ ಬಾಯಿ ಸೊಟ್ಟ ಬೀಳ್ತದೆ ಕಣೇ. ಹೊಡ್ದಾಗಿದ್ರೆ ಸೀರೆ ಬಿಚ್ಚಾಕ್ತೀನಿ, ಸೆಕೆ."

ಊಟವಾದ ಮೇಲೆ ಎಲ್ಲರೂ ಅವರೆಕಾಳಿನ ಸುತ್ತ ಕುಳಿತರು. ಕೆಲಸದ ನಡುವೆ ಮರೆತು ಮಾತಾಡಿಯಾರು ಎಂದು ಮತ್ತೆ ಹಿಡಿದೆ. ಕ್ಯಾಮೆರಾ ತಿರುಗಿದ ಕಡೆಯೆಲ್ಲ ಹೆಂಗಸರು ಹೆಪ್ಪುಗಟ್ಟಿದರು. ಸೊಸೆಯ ಬೆರಳಲ್ಲಿ ಹಿದುಕಲು ಹೊರಟ ಕಾಳು ಹಾಗೇ ನಿಂತಿತು. ಅಕ್ಕನಂತೂ ಬೊಗಸೆ ತುಂಬ ಬೇಳೆ ಎತ್ತಿ ಹಿಡಿದು, ಕ್ಯಾಲೆಂಡರಿನ ಲಕ್ಷ್ಮಿಯ ಹಾಗೆ ಕುಳಿತರು.

ಮೊಮ್ಮಗಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಜ್ಜಿ, ಆ ಕೆಂಪು ಲೈಟಿಗೆ ಟೇಪ್ ಅಂಟಿಸಿ, ಆನ್ ಮಾಡಿ ಗೂಡಲ್ಲಿ ಇಟ್ಬಿಡಿ. ಗೊತ್ತೇ ಆಗಲ್ಲ."

ಆಸೆಯಾಯಿತು, ನಿಜ ಹೇಳಬೇಕು. ಗೂಡೂ ಸರಿಯಾದ ಎತ್ತರದಲ್ಲಿತ್ತು. ಆದರೆ ಕೇಳದೆ ಹಿಡಿಯುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಕೋಳಿಯ ವಿಷಯದಲ್ಲಿ ಒಮ್ಮೆ ಮೋಸಹೋದವರು ಅವರು. ಬೇಡ ಕಣೇ ಎಂದು ಅವಳಿಗೆ ತಲೆಯಾಡಿಸಿ, ಕ್ಯಾಮೆರಾ ಆಫ್ ಮಾಡಿ ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಕಾಳು ಹಿದುಕತೊಡಗಿದೆ.

ಸ್ವಲ್ಪ ಹೊತ್ತಿಗೆ ಅಕ್ಕ ಕೇಳಿದರು. "ಯಾಕ್ ಹುಡುಗಿ, ಸಪ್ಪಗೆ ಕೂತೆ?"

"ಏನಿಲ್ಲ ಅಕ್ಕ. ನಿಮ್ಮ ದನೀಲಿ ನನ್ನ ಮದುವೆ ಕಥೆ ಬೇಕಿತ್ತು. ಫೋಟೋ ಹೇಗೂ ಇಲ್ವಲ್ಲ."

"ಇನ್ನೂ ಆ ಫೋಟೋ ಗೋಳು ಮುಗ್ದಿಲ್ವಾ ನಿಂದು? ಕೊಡು ಇಲ್ಲಿ ಅದ್ನ. ನಾನೇ ಹೊಡ್ದು ಬಿಸಾಕ್ತೀನಿ. ಹೋಗು, ಬಾಗಿಲ ಹತ್ರ ಕೂತ್ಕೋ."

ಕೈ ಒರೆಸಿಕೊಂಡು ಅವರು ಅಂಗೈ ಚಾಚಿದರು. ಸವೆದ ಪಟ್ಟಿಯೊಳಗೆ ಅವರ ಕೈ ಸೇರಿಸಿ, ಪರದೆ ತೆರೆದು, ಆಡಿದ ಮಾತೂ ಇದರಲ್ಲಿ ಬರುತ್ತದೆಂದು ಹೇಳಿಯೇ ಆನ್ ಮಾಡಿ ಕೊಟ್ಟೆ. ಹೆಗಲ ಮೇಲಿನ ಆ ದೊಡ್ಡ ಕ್ಯಾಮೆರಾ ತಂದಿದ್ದರೆ ಇದು ಆಗುತ್ತಿತ್ತೇ? ನಾನು ಹೋಗಿ ಹೊಸ್ತಿಲ ಪಕ್ಕ ಕುಳಿತೆ.

"ಅಯ್ಯೋ, ಒಳಗೆ ನೀನೇ ಇದೀಯಲ್ಲೇ, ಬೆರಳುದ್ದ!" ಎಂದು ಆಶ್ಚರ್ಯಪಟ್ಟು, ಮರುಕ್ಷಣವೇ ಗದರಿದರು. "ಅಲ್ಲಾಡ್ಬೇಡ. ಮಾತಾಡ್ಬೇಡ. ಬೆನ್ನು ನೆಟ್ಟಗೆ!"

ಪೋಸ್ಚರ್ ಎಂದರೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ಯಾರೂ ತಮ್ಮನ್ನು ನೋಡುತ್ತಿಲ್ಲ, ತಾವೇ ಎಲ್ಲರನ್ನೂ ನೋಡುತ್ತಿದ್ದೇವೆ ಎಂಬುದು ತಿಳಿದದ್ದೇ ತಡ, ಅಕ್ಕನ ನಾಲಗೆ ಸಡಿಲವಾಯಿತು.

"ನೋಡ್ರೇ, ಇದೇ ಮುಖ ಅವತ್ತೂನು. ಹಿಂಗೇ, ಕೋಲು ನುಂಗ್ದೋಳ ಹಂಗೆ. ಬಸ್ಸಿಂದ ಇಳೀತಾಳೆ, ಮೇಲ್ ನೋಡಿದ್ರೆ ರೇಷ್ಮೆ ಸೀರೆ, ಕೆಳಗ್ ನೋಡಿದ್ರೆ ಪೊಲೀಸ್ನೋರ ಥರ ಕರೀ ಶೂ! ನಮ್ಮಮ್ಮ ನನ್ ಕಿವೀಲಿ ಅಂತಾಳೆ, ಏನೇ, ಹೆಣ್ಣು ತಂದವ್ನಾ, ಇನ್‌ಸ್ಪೆಕ್ಟರ್‌ನ ತಂದವ್ನಾ ನಿನ್ ತಮ್ಮ? ಟಕ್ ಟಕ್ ಅಂತ ಬಂದ್ಲು. ನಾನು ಬಾಗಿಲು ಬಿಡ್ತೀನಾ? ಎರಡೂ ಕೈ ಹಿಂಗೆ ಹಾಕಿ ನಿಂತೆ..."

ಇನ್‌ಸ್ಪೆಕ್ಟರ್ ಮಾತು ನನಗೇ ಹೊಸದು. ಐವತ್ತು ವರ್ಷ ಬಚ್ಚಿಟ್ಟಿದ್ದರು! ನಗು ಒತ್ತಿ ಬಂತು. ಅಲ್ಲಾಡುವ ಹಾಗಿಲ್ಲ. ಕೆನ್ನೆಯ ಒಳಭಾಗ ಕಚ್ಚಿಕೊಂಡು ಕುಳಿತೆ.

"...ಹೆಸ್ರು ಹೇಳು ಅಂದೆ. ಇವ್ಳು ತಲೆ ಎತ್ತಿದ್ಲು..."

ವಿಮಾನ ಬಂತು. ಅಕ್ಕ ನಿಲ್ಲಿಸಿದರು. ಎಲ್ಲರೂ ನಿಲ್ಲಿಸಿದರು. ಹೆಂಚು ಸಣ್ಣಗೆ ಅದುರಿತು. ವಿಮಾನ ದಾಟಿತು.

ಅಕ್ಕ ಶುರುಮಾಡಲಿಲ್ಲ.

ನಾನು ಅಲುಗದೆ ಅವರನ್ನೇ ನೋಡಿದೆ. ಪರದೆಯ ಮೇಲಿಂದ ಅವರ ಕಣ್ಣು ನನ್ನನ್ನು ಹುಡುಕುತ್ತಿತ್ತು. ಹೋದ ವರ್ಷದ ಅದೇ ನೋಟ. ಒಂದು ಕಾಳು ಯಾರದೋ ಬೆರಳಿಂದ ಜಾರಿ ಪಾತ್ರೆಗೆ ಟಣ್ಣೆಂದು ಬಿತ್ತು. ಆಮೇಲೆ ಅಕ್ಕ, ನಿಧಾನವಾಗಿ, ಆದರೆ ಅದೇ ಹಳೆಯ ಗತ್ತಿನಲ್ಲಿ ಹೇಳಿದರು.

"ಹೆಸ್ರು ಹೇಳು ಹುಡುಗಿ. ಹೇಳ್ದಿದ್ರೆ ಒಳಗೆ ಬಿಡಲ್ಲ."

ಮರೆತು ಕೇಳಿದರೋ, ಆಟಕ್ಕೆ ಕೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಬೆನ್ನನ್ನು ಇನ್ನೂ ಒಂದು ಇಂಚು ನೆಟ್ಟಗೆ ಮಾಡಿ, ತಲೆಯೆತ್ತಿ, ಕೊನೆಯ ಬೆಂಚಿಗೂ ಕೇಳುವ ಹಾಗೆ "ಮಿಸ್ಟರ್" ಎಂದು ಶುರುಮಾಡಿ, ಎರಡು ಇನಿಷಿಯಲ್ ಸಮೇತ ಪೂರ್ತಿ ಹೆಸರು ಹೇಳಿದೆ.

ಹೊರಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಿಸ್ಟ್ರು "ಏನು?" ಎಂದರು.

ಆಮೇಲಿನದನ್ನು ವಿಡಿಯೋದಲ್ಲಿ ನೋಡಬೇಕು. ಚಿತ್ರ ಒಮ್ಮೆ ಹೆಂಚಿಗೆ ಹೋಗುತ್ತದೆ, ಒಮ್ಮೆ ನೆಲಕ್ಕೆ, ಒಮ್ಮೆ ಅವರೆಕಾಳಿನ ರಾಶಿಗೆ. ಉದ್ದಕ್ಕೂ ಅಕ್ಕನ ನಗು, ಬಾಗಿಲವಾಡ ಹಿಡಿದ ಕೈ ಜಾರಿಸಿದ ಅದೇ ನಗು. ನಡುನಡುವೆ, "ಅಲ್ಲಾಡ್ಬಿಟ್ಯಲ್ಲೇ! ಕೆಡಿಸ್ಬಿಟ್ಯಲ್ಲೇ ಫೋಟೋನ!"

ಹನ್ನೊಂದು ನಿಮಿಷದ ಆ ವಿಡಿಯೋದಲ್ಲಿ ಅಕ್ಕ ಎಲ್ಲೂ ಇಲ್ಲ. ಬಲಗಡೆಯ ಮೂಲೆಯಲ್ಲಿ ಅವರ ಹೆಬ್ಬೆರಳು ಮಾತ್ರ ಮೊದಲಿಂದ ಕೊನೆಯವರೆಗೂ ಮಸುಕು ಮಸುಕಾಗಿ ಕುಳಿತಿದೆ. ಸಂಜೆ ಕಾಫಿಯ ಹೊತ್ತಿಗೆ ವೈರು ಸಿಕ್ಕಿಸಿ ಅವರ ಮನೆಯ ಟಿವಿಯಲ್ಲೇ ಹಾಕಿದೆವು. ಮೊಮ್ಮಗಳು ಫೋನನ್ನು ತಾನಾಗಿಯೇ ಒಳಗಿಟ್ಟು ಬಂದಳು. ಅಕ್ಕ ತಮ್ಮ ದನಿಯನ್ನು ಕೇಳಿ, "ನಾನೇನಾ ಇದು? ಚೆನ್ನಾಗೇ ಮಾತಾಡ್ತೀನಲ್ಲ" ಎಂದರು. ಮುಗಿಯುವ ತನಕ ನೋಡಿ ಹುಬ್ಬು ಗಂಟಿಕ್ಕಿದರು.

"ಎಲ್ಲಾ ಸರಿ. ಶೂ ಎಲ್ಲಿ? ಶೂ ಇಲ್ದೆ ಇದೆಂಥ ಮದ್ವೆ ಫೋಟೋ? ಮುಂದಿನ ಅವರೆಕಾಯಿಗೆ ಹಾಕ್ಕೊಂಡ್ ಬಾ. ಇನ್ನೊಂದ್ಸಲ ಹೊಡೀತೀನಿ."

ದೇವನಹಳ್ಳಿಯ ಅಂಗಡಿಗಳಲ್ಲಿ ನನ್ನ ಅಳತೆಯ ಕಪ್ಪು ಬಕಲ್ ಶೂ ಸಿಗಲಿಲ್ಲ. ಸ್ಕೂಲ್ ಶುರುವಾಗುವ ಸೀಸನ್ನಿಗೆ ಬರುತ್ತದೆ ಎಂದಿದ್ದಾರೆ. ಮೊಮ್ಮಗುವಿಗಾ ಎಂದು ಕೇಳಿದರು. ಅಲ್ಲ, ನನಗೇ ಎಂದೆ.